ಅಳತೆಗೆ ಕೂತವನು

ಪೀಣ್ಯದ ಮುನಿಯಣ್ಣನ ಗಾಡಿ ರಿಪೇರಿ ಷೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯ ದಿನ ಗಾಡಿ ಹತ್ತಿಸಿ ನಿಂಬೆಹಣ್ಣು ಜಜ್ಜುವವನು ಮಾಲೀಕನಲ್ಲ, ಆ ಗಾಡಿಗೆ ಜೀವ ತಂದ ಕೆಲಸಗಾರ. ಹನ್ನೊಂದು ವರ್ಷದಿಂದ ಆ ಹಕ್ಕು ಸುಬ್ರಹ್ಮಣ್ಯನದು.

ಈ ಸಲ ಲಗ್ಗೆರೆಯ ಹನುಮಂತರಾಯಪ್ಪನ ಹಳೇ ಆಸ್ಟಿನ್ ಕಾರು. ಏಳು ತಿಂಗಳು ಅದರ ಇಂಜಿನ್ನಿನೊಳಗೆ ಕೈಯಿಟ್ಟು ಕೂತವನು ಸುಬ್ರಹ್ಮಣ್ಯ. ಹೊಗಳಿಕೆ ಮಾತ್ರ ಹೋದ ತಿಂಗಳು ಸೇರಿದ ಆವಲಪ್ಪನ ಪಾಲಾಯಿತು. ಹನುಮಂತರಾಯಪ್ಪ ಗಿಡ್ಡ ಆಸಾಮಿ. ಕೂತರೆ ಸ್ಟೇರಿಂಗ್ ಮೂಗಿನ ಮಟ್ಟಕ್ಕೆ ಬಂದು ರಸ್ತೆಯೇ ಮರೆಯಾಗುತ್ತಿತ್ತು. ದಿಂಬು ಹಾಕಿದರೆ ಕಾಲಿಗೆ ಬ್ರೇಕ್ ಎಟುಕದು. ಆವಲಪ್ಪ ಸ್ಟೇರಿಂಗಿನ ಕಂಬದ ಓರೆಯನ್ನೇ ಇಳಿಸುತ್ತೇನೆಂದ.

ಅಳತೆಗೆ ಹನುಮಂತರಾಯಪ್ಪ ಸಿಗಲಿಲ್ಲ.

"ನೀವೂ ಅವ್ರೂ ಒಂದೇ ಎತ್ರ. ಒಸಿ ಕೂತ್ಕೊಳಿ ಸುಬ್ಬಣ್ಣ," ಎಂದ ಆವಲಪ್ಪ.

ಸುಬ್ರಹ್ಮಣ್ಯ ಹಲ್ಲು ಕಚ್ಚಿಕೊಂಡು ಕೂತ. ಆವಲಪ್ಪ ಅವನ ಮಂಡಿ, ಮೊಣಕೈ, ಗಲ್ಲದ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡ. ಆಮೇಲೆ ಡ್ಯಾಶ್‌ಬೋರ್ಡಿಗೂ ಕಂಬದ ಪಟ್ಟಿಗೂ ನಡುವೆ ಎರಡು ಉಕ್ಕಿನ ಬೆಣೆ ಕೊಟ್ಟು ಕಂಬವನ್ನು ತಗ್ಗಿಸಿದ.

ಕೆಳಗಿನ ಸ್ಟೇರಿಂಗ್ ಬಾಕ್ಸಿನ ಬೋಲ್ಟು ಸಡಿಲಿಸದೆ ಹೀಗೆ ತಗ್ಗಿಸಿದರೆ ಸ್ಟೇರಿಂಗ್ ಬಿಗಿಯಾಗುತ್ತದೆ. ಅವಸರದವರು ಮರೆಯುವುದೇ ಅದನ್ನು. ಮರೆತಿರಲಿ ಎಂದು ಬೇಡಿಕೊಳ್ಳುತ್ತ ಸುಬ್ರಹ್ಮಣ್ಯ ಊಟದ ಹೊತ್ತಿನಲ್ಲಿ ಕಾರಿನಡಿ ನುಸುಳಿದ. ಆವಲಪ್ಪ ಮರೆತಿರಲಿಲ್ಲ; ಬೋಲ್ಟು ಸಡಿಲಿಸಿ, ಹೊಸ ಓರೆಗೆ ಕೂರಿಸಿ, ಮತ್ತೆ ಬಿಗಿದಿದ್ದ. ಆ ಮಧ್ಯಾಹ್ನ ಸುಬ್ರಹ್ಮಣ್ಯ ಚಿತ್ರಾನ್ನದ ಡಬ್ಬಿ ತೆರೆಯದೆಯೇ ಕೆಲಸಕ್ಕೆ ಮರಳಿದ.

ಹಬ್ಬದ ಬೆಳಿಗ್ಗೆ ಮುನಿಯಣ್ಣ, ಈ ವರ್ಷ ನಿಂಬೆಹಣ್ಣು ಆವಲಪ್ಪನ ಕೈಯಲ್ಲೇ ಆಗಲಿ ಎಂದ. ಸುಬ್ರಹ್ಮಣ್ಯ ಸ್ಪ್ಯಾನರುಗಳಿಗೆ ಕುಂಕುಮ ಇಡುತ್ತ ತಲೆಯೆತ್ತಲಿಲ್ಲ. ಆದರೆ ಆರಡಿಯ ಆವಲಪ್ಪ ಒಳಗೆ ತೂರಿದಾಗ ಮಂಡಿಗಳು ಸ್ಟೇರಿಂಗಿನಡಿ ಸಿಕ್ಕಿಕೊಂಡು ಕಾಲು ಕ್ಲಚ್ಚಿಗೆ ಹೋಗಲೇ ಇಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕ.

"ಸುಬ್ಬಣ್ಣನ ಅಳ್ತೆಗೆ ಮಾಡಿರೋದು. ಅವ್ರೇ ಓಡಿಸ್ಲಿ ಬಿಡಿ."

ಬಿಟ್ಟುಕೊಟ್ಟದ್ದನ್ನು ತೆಗೆದುಕೊಳ್ಳುವುದು ಇನ್ನೂ ಕಹಿ. ಆದರೂ ಸುಬ್ರಹ್ಮಣ್ಯ ಕೂತ. ಕೈಗಳು ತಾವಾಗಿ ಸ್ಟೇರಿಂಗಿಗೆ ಹೋದವು, ಭುಜ ಸಡಿಲವಾಯಿತು, ರಸ್ತೆ ಕೊನೆಯವರೆಗೂ ಕಂಡಿತು. ನಲವತ್ತು ವರ್ಷದ ಬದುಕಿನಲ್ಲಿ ಅವನ ಮೈಯಳತೆಗೆಂದು ಯಾರೂ ಏನನ್ನೂ ಇಷ್ಟು ನಿಗಾ ಇಟ್ಟು ಮಾಡಿರಲಿಲ್ಲ. ನಿಂಬೆಹಣ್ಣು ಪಚಕ್ಕೆಂದವು. ಒಂದು ಸುತ್ತು ಹೋಗಿ ಬಂದು ನಿಲ್ಲಿಸಿದ.

"ಎಂಗೈತೆ ಸ್ಟೇರಿಂಗು?" ಪಕ್ಕದಲ್ಲಿದ್ದ ಹನುಮಂತರಾಯಪ್ಪ ಕೇಳಿದ.

ಎಲ್ಲರೂ ಕಾದರು. ಚೆನ್ನಾಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು.

"ಒಂದ್ ಕೂದ್ಲಷ್ಟು ಬಿಗಿ ಐತೆ ಸಾರ್."

ಆವಲಪ್ಪನ ಮುಖ ಸಣ್ಣಗಾಯಿತು. ಹೊಸ ಬಿಳಿ ಅಂಗಿಯಲ್ಲೇ, ಪೂಜೆಗಿಟ್ಟಿದ್ದ ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡು ಕಾರಿನಡಿ ತೂರಿದ.

"ಈಗ ತಿರುಗ್ಸಿ ಸುಬ್ಬಣ್ಣ," ಕೆಳಗಿನಿಂದ ದನಿ ಬಂತು.

ಮೊದಲಿನಿಂದಲೂ ಒಂದೇ ಬೆರಳಿಗೆ ತಿರುಗುತ್ತಿದ್ದ ಸ್ಟೇರಿಂಗನ್ನು ಸುಬ್ರಹ್ಮಣ್ಯ ಎರಡೂ ಕೈಯಲ್ಲಿ ಹಿಡಿದು, ಕತ್ತಿನ ನರ ಉಬ್ಬಿಸಿ, ಮೆಲ್ಲಗೆ ತಿರುಗಿಸಿದ.