ರತೀಬಾಳ ಬಾಣಲೆ

ಕೈರೋದ ಬೂಲಾಕ್ ಕೇರಿಯಲ್ಲಿ ತಾವಿದ್ದ ಹಳೆಯ ಕಟ್ಟಡ ಬಿರುಕು ಬಿಟ್ಟ ಮೇಲೆ ಅವಾತಿಫ್‌ಗೂ ಅವಳ ಗಂಡ ಶುಕ್ರಿಗೂ ನಗರದ ಹೊರಗೆ, ಮರುಭೂಮಿಯ ಅಂಚಿನ ಹೊಸ ಬಡಾವಣೆಯಲ್ಲಿ ಮನೆ ಸಿಕ್ಕಿತು. ಮನೆಗೇನೂ ಕೊರತೆಯಿರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಮೆಟ್ಟಿಲಿಳಿದರೆ ಹೋಗಲು ಒಂದು ಜಾಗವಿರಲಿಲ್ಲ.

ಬೂಲಾಕ್‌ನಲ್ಲಿ ಅವಳು ಮನೆಯ ಚಪ್ಪಲಿಯಲ್ಲೇ ಹೊರಟುಬಿಡುತ್ತಿದ್ದಳು. ತಿರುವಿನಲ್ಲೇ ಅಬು ದುನ್ಯಾನ ಫೂಲ್ ಅಂಗಡಿ. ರಾತ್ರಿಯಿಡೀ ಬೆಂದ ಕಾಳನ್ನು ಅವನು ಉದ್ದ ಸೌಟಿನಿಂದ ಹಂಡೆಯೊಳಗಿಂದೆತ್ತಿ ಪಾತ್ರೆಗೆ ಸುರಿದು, ನಿಂಬೆ ಹಿಂಡಿ, ಜೀರಿಗೆ ಉದುರಿಸಿ, "ಯಾಕಮ್ಮ ಮುಖ ಊದಿದೆ? ಶುಕ್ರಿ ಬೈದನಾ, ನೀನೇ ಬೈದ್ಯಾ?" ಎನ್ನುವನು. ಪಕ್ಕದಲ್ಲಿ ಉಪ್ಪಿನಕಾಯಿಯವಳು, ಅದರಾಚೆ ರೊಟ್ಟಿ ಭಟ್ಟಿ, ಎದುರಿಗೆ ಕಬ್ಬಿನ ಹಾಲಿನವನು. ಒಂದು ಈರುಳ್ಳಿ ತರಲು ಹೋದವಳು ಅರ್ಧ ಬೆಳಗು ಕಳೆದು ಬರುತ್ತಿದ್ದಳು.

ಈಗ ಶುಕ್ರಿ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಎಲ್ಲವನ್ನೂ ತಂದು ಫ್ರಿಜ್ಜಿಗೆ ತುಂಬುತ್ತಿದ್ದ.

"ಎಲ್ಲಾ ಇದೆಯಲ್ಲೇ. ಇನ್ನೇನು ಬೇಕು ನಿಂಗೆ?"

"ಜಗಳ ಬೇಕು. ಈ ಡಬ್ಬಿ ಫೂಲ್ ಹತ್ರ ಎಷ್ಟೂಂತ ಜಗಳ ಆಡ್ಲಿ?"

ಒಂದು ಬೆಳಿಗ್ಗೆ ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಡೆದಳು. ಎರಡು ಬೀದಿ ಆಚೆ, ಕಟ್ಟುತ್ತಿದ್ದ ಮನೆಗಳ ಹಿಂಬದಿಯಲ್ಲಿ, ಇಟ್ಟಿಗೆ ಒಲೆಯ ಮುಂದೆ ಕೂತು ಒಬ್ಬ ಹೆಂಗಸು ತಾಮಿಯಾ ಎಂಬ ಕಾಳಿನ ವಡೆ ಕರಿಯುತ್ತಿದ್ದಳು. ಅಲ್ಲಿಯ ಕಾವಲುಗಾರನ ಹೆಂಡತಿ, ದಕ್ಷಿಣದ ಹಳ್ಳಿಯವಳು, ಹೆಸರು ರತೀಬಾ.

"ಅಂಗಡಿ ದಿನಾ ಇರತ್ತೇನಮ್ಮ?"

"ಅಂಗಡಿ ಎಲ್ಲೈತ್ರೀ ಅಕ್ಕಾರ? ಇವು ಇಟ್ಟಂಗಿ ಹೊರೋರಿಗೆ."

"ಹಾಗಾದ್ರೆ ನಂಗೂ ಒಂದು ಇಟ್ಟಿಗೆ ಕೊಡು, ಹೊರ್ತೀನಿ."

ರತೀಬಾ ನಕ್ಕು, ರೊಟ್ಟಿಯೊಳಗೆ ಬಿಸಿ ತಾಮಿಯಾ ಇಟ್ಟುಕೊಟ್ಟಳು. ಅವಾತಿಫ್ ನಿಂತಲ್ಲೇ ತಿಂದಳು. ಬೆಳ್ಳುಳ್ಳಿ ಹೆಚ್ಚಾಗಿತ್ತು, ಬೂಲಾಕ್‌ನ ರುಚಿ ಅದಲ್ಲ. ಆದರೂ ಕಣ್ಣು ತುಂಬಿ ಬಂತು.

"ಖಾರ ಆತೇನ್ರೀ?"

"ಇಲ್ಲ ಕಣೇ. ಕೊತ್ತಂಬರಿ ಸಾಲ್ದು."

"ಈ ಉಸುಕಿನ್ಯಾಗ ಕೊತ್ತಂಬರಿ ನಿಮ್ಮಪ್ಪ ಬೆಳೀತಾನೇನು?"

ಆಹಾ, ಎಷ್ಟು ಕಾಲವಾಗಿತ್ತು ಒಬ್ಬರು ಹೀಗೆ ಮಾತಾಡಿಸಿ! ಮರುದಿನ ಅವಾತಿಫ್ ಫ್ರಿಜ್ಜಿನಲ್ಲಿದ್ದ ಕೊತ್ತಂಬರಿ ಕಟ್ಟನ್ನೇ ಎತ್ತಿಕೊಂಡು ಹೋದಳು. ಆಮೇಲೆ ದಿನಾ ಹೋದಳು. ಬಡಾವಣೆಯ ಬೇರೆ ಹೆಂಗಸರೂ ಪಾತ್ರೆ ಹಿಡಿದು ಬರತೊಡಗಿದರು. ಲಿಫ್ಟಿನಲ್ಲಿ ಮುಖ ತಿರುಗಿಸುತ್ತಿದ್ದವರು ಇಲ್ಲಿ, "ನಾನು ಮೊದಲು ಬಂದಿದ್ದು!" ಎಂದು ಕಿತ್ತಾಡಿದರು, ಕಿತ್ತಾಡುತ್ತಲೇ ಪರಿಚಯವಾದರು. ಕೊನೆಗೆ ಶುಕ್ರಿಯೂ ಪೈಜಾಮದಲ್ಲೇ ಬಂದು, ಎಣ್ಣೆ ಡಬ್ಬ ಬೋರಲು ಹಾಕಿ ಕೂತುಬಿಟ್ಟ.

ಚಳಿಗಾಲ ಮುಗಿಯುವ ಹೊತ್ತಿಗೆ ಆ ಹೊಸ ಮನೆಗಳಿಗೆ ಬಣ್ಣ ಹೊಡೆದಾಯಿತು. ಗುತ್ತಿಗೆದಾರ ಕಾವಲುಗಾರನನ್ನು ಬೇರೆ ಕಡೆಗೆ ಕಳಿಸಿದ. ಅವಾತಿಫ್ ಹೋದಾಗ ರತೀಬಾ ಬಾಣಲೆಯನ್ನು ಕಂಬಳಿಯಲ್ಲಿ ಸುತ್ತುತ್ತಿದ್ದಳು.

"ಎಲ್ಲಿಗೆ?"

"ದೊಡ್ಡ ರಸ್ತೆ ಆಚಿ. ಬರ್ರಿ ಅಕ್ಕಾರ, ನಿಮಗ ಮೊದಲ ಕೊಡ್ತೀನಿ."

"ಬರ್ದೆ ಬಿಡ್ತೀನಾ? ಕೊತ್ತಂಬರಿ ಮರೀಬೇಡ," ಎಂದಳು ಅವಾತಿಫ್.

ಒಲೆಯಿದ್ದ ಜಾಗದಲ್ಲಿ ಹುಲ್ಲು ಹಾಸಿದರು. ಶುಕ್ರಿ ತಾನೇ ಒಂದು ದಿನ ತಾಮಿಯಾ ಕರಿದ, ಚೆನ್ನಾಗಿಯೇ ಬಂದಿತ್ತು. ಅವಳು ಒಂದು ತಿಂದು, "ಮನೇಲಿ ಕೂತು ತಿನ್ನೋದಲ್ಲ ಇದು" ಎಂದು ತಟ್ಟೆ ಸರಿಸಿದಳು.

ಮರುದಿನ ಶಾಲು ಹೊದ್ದು ದೊಡ್ಡ ರಸ್ತೆಯ ತನಕ ನಡೆದಳು. ಲಾರಿ, ಕಾರುಗಳು ಬಿಡುವಿಲ್ಲದೆ ಹಾಯುತ್ತಿದ್ದವು. ದಾಟಲು ಸೇತುವೆಯಿಲ್ಲ, ನಡುವೆ ಎದೆಯೆತ್ತರದ ಗೋಡೆ. ಆಚೆ ಕಂಬಿ ಚಾಚಿದ ಕಟ್ಟಡದ ಬುಡದಲ್ಲಿ ಸಣ್ಣಗೆ ಹೊಗೆ ಏಳುತ್ತಿತ್ತು. ಅದು ರತೀಬಾಳದೇ ಇರಬೇಕು. ಅವಾತಿಫ್ ಕೈಯೆತ್ತಿ ಬೀಸಿದಳು. ಯಾರೂ ನೋಡಲಿಲ್ಲ. ಹೊಗೆ ತೆಳುವಾಗುವ ತನಕ ನಿಂತಿದ್ದು ಮನೆಗೆ ಬಂದಳು.

ಈಗಲೂ ಕೆಲವು ದಿನ ಬೆಳಿಗ್ಗೆ ಅವಳು ಅಲ್ಲಿಯ ತನಕ ನಡೆದು ಹೋಗುತ್ತಾಳೆ.