ಪದ ಏಳುವಾಗ ಮಲಗುವ ಕಾಲು

ಹೊಳೆ ಊರೊಳಗೆ ಬಂದು ಮೂರು ವಾರ ಠಿಕಾಣಿ ಹೂಡಿ, ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟುಹೋಗುತ್ತದೆ. ಗೋಡೆಗಳ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಉಳಿಯುತ್ತದೆ. ಆ ಗೆರೆ ಒಣಗಿದ ಮೊದಲ ಭಾನುವಾರ ವೆರಾಕ್ರೂಸ್ ಸೀಮೆಯ ಗಾರ್ಸೇರೋ ಊರಿನ ಚೌಕದಲ್ಲಿ ಊರಿನ ಹಾಡಿನ ತಂಡ ನುಡಿಸಲೇಬೇಕು. ನುಡಿಸದಿದ್ದರೆ, ತಾನು ಹೋದದ್ದು ಯಾರಿಗೂ ಗೊತ್ತೇ ಆಗಲಿಲ್ಲವೆಂದು ಮುನಿದು ಹೊಳೆ ತಿರುಗಿ ಬರುತ್ತದಂತೆ. ಕಸಿಲ್ದಾಳ ಅಜ್ಜಿ ಹಾಗೆ ಹೇಳುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನ ಕಸಿಲ್ದಾ ತಾನು ಕುಣಿಯುವ ಬಿಳಿ ಬೂಟಿನ ಹಿಮ್ಮಡಿಗೆ ಮೊಳೆ ಹೊಡೆಯುತ್ತ ಕೂತಿದ್ದಳು. ತಂಡದ ಯಜಮಾನ ಫಿದೆನ್ಸಿಯೋ, ಹಾರ್ಪ್ ಎಂಬ ಆಳೆತ್ತರದ ತಂತಿವಾದ್ಯ ನುಡಿಸುವವನು, ಬಂದು ಹೊಸ್ತಿಲಲ್ಲೇ ನಿಂತ.

"ನಿಮ್ಮ ಮಾವ ಇದಾನಾ?"

"ಕ್ಷೌರಕ್ಕೆ ಹೋಗಿದಾರೆ ಅಣ್ಣ. ಇವತ್ತು ಹಾಡೋರಲ್ವಾ, ಮದುಮಗನ ಗತ್ತು."

"ಅದಕ್ಕೇ ಬಂದೆ." ಫಿದೆನ್ಸಿಯೋ ಟೋಪಿ ತೆಗೆದು ಗಾಳಿ ಹಾಕಿಕೊಂಡ. "ಬೇಡ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ ಕಣಮ್ಮ. ಮೂವತ್ತು ವರ್ಷ ನನ್ನ ಪಕ್ಕ ನಿಂತು ಹಾಡಿದೋನು. ಆದ್ರೆ ಆಸ್ಪತ್ರೇಲಿ ಆ ಗಂಟಲು ಕೊಯ್ದ ಮೇಲೆ... ನೀನೇ ಕೇಳಿದೀಯಲ್ಲ."

ಕೇಳಿದ್ದಳು. ಒಂದು ಕಾಲಕ್ಕೆ ಆಚೆ ದಡದ ದನಗಳು ಕತ್ತೆತ್ತಿ ನೋಡುವಂತೆ ಹಾಡುತ್ತಿದ್ದ ಎವೋದಿಯೋ ಮಾವನ ದನಿ ಈಗ ಒಣಗಿದ ಜೋಳದ ಗರಿಯೊಳಗೆ ಗಾಳಿ ಸುಳಿದ ಹಾಗೆ, ಅಷ್ಟೇ.

"ಜನ ನಗ್ತಾರೆ. ನಕ್ರೆ ಅವ್ನು ಮತ್ತೆ ಮನೆ ಬಿಟ್ಟು ಹೊರಗೆ ಬರಲ್ಲ. ಅವ್ನು ಬಾಯಿ ತೆಗೆದ ಕೂಡ್ಲೆ ನೀನೂ ನಿನ್ನ ಜೊತೆ ಕುಣಿಯೋ ಚೋನಾನೂ ಕಾಲು ಜೋರು ಮಾಡಿ. ನಾನು ಹಾರ್ಪ್ ಜೋರು ಮಾಡ್ತೀನಿ. ಕೇಳದೇ ಇದ್ದದ್ದಕ್ಕೆ ಯಾರು ನಗ್ತಾರೆ ಹೇಳು?"

ಕಸಿಲ್ದಾ ಕೈಯಲ್ಲಿದ್ದ ಮೊಳೆ ನೋಡುತ್ತ ತಲೆಯಾಡಿಸಿದಳು.

ಅದು ಸಣ್ಣ ಮಾತಲ್ಲ. ಗಾರ್ಸೇರೋದ ತಂಡಕ್ಕೆ ಬೇರೆ ಮದ್ದಳೆಯಿಲ್ಲ. ನಡುವೆ ಇಟ್ಟ ದೇವದಾರು ಹಲಗೆಯ ಜಗಲಿಯೇ ಮದ್ದಳೆ, ಅದನ್ನು ಬಾರಿಸುವುದು ಹೆಂಗಸರ ಹಿಮ್ಮಡಿ. ತಂತಿಗಳು ನುಡಿಯುವಾಗ ಎಷ್ಟು ಬೇಕಾದರೂ ಗುಡುಗಬಹುದು. ಆದರೆ ಹಾಡುಗಾರ ಪದ ಎತ್ತಿದ ಕೂಡಲೇ ಕಾಲು ಮಲಗಬೇಕು, ಬರೀ ಸವರಬೇಕು. ಅದನ್ನು ಅವಳಿಗೆ ಕಲಿಸಿದವನೇ ಎವೋದಿಯೋ ಮಾವ. ಆರು ವರ್ಷದ ಅವಳನ್ನು ಹಲಗೆಯ ಮೇಲೆ ನಿಲ್ಲಿಸಿ, ಪಕ್ಕದಲ್ಲೇ ಜೋಲಿ ಕಟ್ಟಿ, ತನ್ನ ಎಳೆಕೂಸನ್ನು ಅದರಲ್ಲಿ ಮಲಗಿಸುತ್ತಿದ್ದ. "ಕುಣಿ. ಮಗು ಎದ್ರೆ ನಿನ್ನ ಕಾಲಿಗೆ ಇನ್ನೂ ಕಿವಿ ಬಂದಿಲ್ಲ ಅಂತ ಅರ್ಥ." ಮಗು ಎದ್ದೇಳುತ್ತಿತ್ತು. ಅವಳೇ ಜೋಲಿ ತೂಗಿ ಮಲಗಿಸಬೇಕು, ಮತ್ತೆ ಕುಣಿಯಬೇಕು.

ಸಂಜೆ ಐದಕ್ಕೆ ಚೌಕ ತುಂಬಿತು. ಹಬೆಯಾಡುವ ಬಾಳೆಯೆಲೆ ಬಿಚ್ಚಿ ತಮಾಲೆ ಎಂಬ ಜೋಳದ ಕಡುಬು ತಿನ್ನುವವರು, ಹಳೇ ಬೆಂಚುಗಳ ಕೆಸರನ್ನು ಶಾಲಿನ ಸೆರಗಿನಿಂದಲೇ ಒರೆಸಿ ಕೂರುವವರು, ಗಂಟೆ ಅಲ್ಲಾಡಿಸುತ್ತ ತಿರುಗುವ ಐಸ್ ಮಾರುವವನು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗಂಟಲಿನ ಗಾಯದ ಗುರುತಿಗೆ ಕೆಂಪು ಕರವಸ್ತ್ರ ಕಟ್ಟಿಕೊಂಡು ಬಂದ.

"ಏನೋ ಎವೋದಿಯೋ," ಮುಂದಿನ ಸಾಲಿನ ಮುದುಕಿ ಹೆನೊವೇವಾ ಕೂಗಿದಳು, "ಹಲ್ಲು ತಂದಿದೀಯೋ, ಮನೇಲೇ ಲೋಟದಲ್ಲಿ ಬಿಟ್ಟು ಬಂದೆಯೋ?"

ಮಾವ ಜೇಬು ತಟ್ಟಿ ತೋರಿಸಿದ. ಜನ ನಕ್ಕರು. ಅದು ಒಳ್ಳೆಯ ನಗು. ಇನ್ನೊಂದು ಬಗೆಯ ನಗು ಇನ್ನೂ ಬಾಕಿಯಿದೆ ಎಂದುಕೊಂಡಳು ಕಸಿಲ್ದಾ.

ಎರಡು ಹಾಡು ಮುಗಿದವು. ಮೂರನೆಯದರಲ್ಲಿ ಮಾವ ಹಲಗೆಯ ಅಂಚಿಗೆ ಬಂದು ನಿಂತ. ತುಟಿ ತೆರೆಯಿತು. ಕಸಿಲ್ದಾ ಹಿಮ್ಮಡಿ ಎತ್ತಿ ಹೊಡೆದಳು. ಎದುರಿಗಿದ್ದ ಚೋನಾಳೂ ಹೊಡೆದಳು. ಹಾರ್ಪ್ ಉಕ್ಕಿತು. ಮಾವನ ಕತ್ತಿನ ನರ ಉಬ್ಬಿದ್ದು, ಕರವಸ್ತ್ರ ಅಲುಗಿದ್ದು ಕಂಡಿತು, ಒಂದಕ್ಷರವೂ ಕೇಳಲಿಲ್ಲ. ಜನ ದೊಡ್ಡ ಮನಸ್ಸಿನಿಂದ ಚಪ್ಪಾಳೆ ತಟ್ಟಿದರು.

ತೊಡಕಾದದ್ದು ಆಮೇಲೆ. ಒಬ್ಬ ಎತ್ತಿದ ಪದವನ್ನು ಇನ್ನೊಬ್ಬ ಹಿಡಿದು ತಿರುಗಿ ಹಾಡಬೇಕು, ಹಾಗೆ ಹಾಡಿದರೇ ಪದ ಊರಿನದಾಗುವುದು. ಹಿಡಿಯಬೇಕಾದವನು ಫಿದೆನ್ಸಿಯೋ. ಅವನಿಗೂ ಕೇಳಿರಲಿಲ್ಲವಲ್ಲ! ಒಂದು ಗಳಿಗೆ ತಬ್ಬಿಬ್ಬಾಗಿ, ಊರಿಗೆಲ್ಲ ಗೊತ್ತಿದ್ದ ಯಾವುದೋ ಹಳೇ ಪದ ಹಾಡಿಬಿಟ್ಟ.

ಮಾವ ಅವನನ್ನು ನೋಡಲಿಲ್ಲ. ಕಸಿಲ್ದಾಳ ಮುಖವನ್ನೂ ನೋಡಲಿಲ್ಲ. ಅವಳ ಕಾಲುಗಳನ್ನು ನೋಡಿದ. ಬೈದಿದ್ದರೆ ಆಗುತ್ತಿತ್ತು, ಯಾರದೋ ಮನೆಯ ಕಾಲುಗಳೆಂಬಂತೆ ನೋಡಿದ.

ತಂತಿಗಳು ಮತ್ತೊಂದು ಸುತ್ತು ಬಂದವು. ಮಾವ ಇಳಿದುಹೋಗುತ್ತಾನೆಂದು ಎಲ್ಲರೂ ಅಂದುಕೊಂಡರು. ಅವನು ಇಳಿಯಲಿಲ್ಲ. ಕರವಸ್ತ್ರ ಬಿಚ್ಚಿ ಜೇಬಿಗಿಟ್ಟು, ಇನ್ನೊಂದು ಹೆಜ್ಜೆ ಮುಂದೆ ಬಂದ.

"ಜೋರು! ಜೋರು!" ಫಿದೆನ್ಸಿಯೋ ಹಲ್ಲುಕಚ್ಚಿ ಹೇಳಿದ.

ಕಸಿಲ್ದಾಳ ಹಿಮ್ಮಡಿ ಮೇಲೆದ್ದಿತ್ತು. ನಕ್ಕರೆ ಮಾವ ಮತ್ತೆ ಹೊರಗೆ ಬರುವುದಿಲ್ಲ, ಅದು ನಿಜ. ಆದರೆ ಹೀಗೆ ಮುಚ್ಚಿಟ್ಟರೆ, ಬಂದಿದ್ದೂ ಬಂದ ಹಾಗಲ್ಲ. ಎತ್ತಿದ ಹಿಮ್ಮಡಿಯನ್ನು ಅವಳು ನಿಧಾನವಾಗಿ ಇಳಿಸಿದಳು. ಪಕ್ಕದಲ್ಲೇ ಜೋಲಿಯಿದೆ ಎಂಬಂತೆ ಸವರಿದಳು.

"ಏಯ್, ಏನೇ ಮಾಡ್ತಿದೀಯ?" ಚೋನಾ ಪಿಸುಗುಟ್ಟಿದಳು.

"ಮಲಗ್ಸೇ ಕಾಲು."

"ಯಜಮಾನ ಕೊಲ್ತಾನೆ ಕಣೆ!"

"ಕೊಲ್ಲಲಿ. ಮಲಗ್ಸು."

ಚೋನಾ ಕಣ್ಣರಳಿಸಿ, ಕಾಲು ಮಲಗಿಸಿದಳು. ಇಬ್ಬರ ಕಾಲೂ ಜೊತೆಗೂಡಿ ತಗ್ಗಿದ್ದು ಕೇಳಿ, ಹರಾನಾ ಎಂಬ ಪುಟ್ಟ ಗಿಟಾರು ನುಡಿಸುತ್ತಿದ್ದವರ ಕೈಗಳು ರೂಢಿಯಿಂದ ತಾವೇ ತಗ್ಗಿದವು. ಫಿದೆನ್ಸಿಯೋನ ಹಾರ್ಪ್ ಒಂದೇ ಉಳಿಯಿತು. ಒಂಟಿಯಾಗಿ ಗದ್ದಲ ಮಾಡಲು ನಾಚಿ ಅದೂ ತಗ್ಗಿತು.

ಮಾವನ ತುಟಿ ಅಲುಗಿತು, ಮೊದಲು ಏನೂ ಕೇಳಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಹೆನೊವೇವಾ ಮುದುಕಿ ತಿರುಗಿ, "ಬಾಯಿ ಮುಚ್ರೋ ಕತ್ತೆಗಳಾ, ಕೇಳಿಸ್ತಿಲ್ಲ!" ಎಂದು ಗದರಿ, ತನ್ನ ಕುರ್ಚಿ ಎತ್ತಿಕೊಂಡು ಹಲಗೆಯ ಹತ್ತಿರಕ್ಕೇ ಬಂದು ಕೂತಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಕುರ್ಚಿ, ಬೆಂಚುಗಳೆಲ್ಲ ಕೆಸರಿನ ಮೇಲೆ ಸರಿಯತೊಡಗಿದವು. ಐಸ್ ಮಾರುವವನು ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡ.

ತಂತಿಗಳ ಒಂದು ಸುತ್ತು ಮುಗಿಯುವವರೆಗೂ ಮಾವ ಅದನ್ನೇ ನೋಡಿದ. ಆಮೇಲೆ, ಆ ಸವೆದ ದನಿಯಲ್ಲಿ, ಅಲ್ಲೇ ಹುಟ್ಟಿದ ಪದ ಎತ್ತಿದ:

"ತುಂಬಿ ಹರಿದಾಗ ಹೊಳೆಯು ಹಾಡಿತು
ದೂರದ ದಂಡೆಗೆ ಕೂಗಿ;
ನೂಲಿನ ಎಳೆಯಾಗಿ ಹರಿಯುವ ಹೊತ್ತಿಗೆ
ಬಂದಿರಿ ಬಳಿಯಲ್ಲಿ ಬಾಗಿ."

ಫಿದೆನ್ಸಿಯೋನ ಬೆರಳು ತಂತಿಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ತಲೆ ಮೇಲೆತ್ತಿ, ಇದ್ದ ದನಿಯನ್ನೆಲ್ಲ ಬಿಚ್ಚಿ, ಆ ನಾಲ್ಕು ಸಾಲನ್ನೇ ತಿರುಗಿ ಹಾಡಿದ. ಚೌಕದ ತುದಿಯಲ್ಲಿ ನಿಂತವರಿಗೂ, ವೆರಾಕ್ರೂಸ್ ಬಸ್ಸಿನ ಕಿಟಕಿಯಲ್ಲಿ ಕೂತವರಿಗೂ ಕೇಳಿಸಿತು.

ಪದ ಮುಗಿಯಿತು. ಈಗ ತಂತಿಗಳ ಸರದಿ. ಕಸಿಲ್ದಾ ಹಿಮ್ಮಡಿ ಎತ್ತಿ ಹೊಡೆದ ಹೊಡೆತಕ್ಕೆ ಮಧ್ಯಾಹ್ನ ಹಾಕಿದ್ದ ಮೊಳೆಯೊಂದು ಕಿತ್ತು ಹಾರಿತು.

ಹಾಡು ನಿಂತ ಮೇಲೆ ಮಾವ ಅವಳ ಪಕ್ಕದಲ್ಲೇ ಇಳಿದುಹೋದ. ಮುಖ ನೋಡದೆ ಕಿವಿಯ ಬಳಿ ಅಂದ:

"ಮೊದಲನೇ ಪದಕ್ಕೆ ಮಗು ಎದ್ದುಬಿಡ್ತು ಕಣೆ."

"ಮತ್ತೆ ಮಲಗಿಸಿದ್ನಲ್ಲ ಮಾವ," ಅಂದಳು ಅವಳು.