ಕಳಕವ್ವನ ಮೂರು ಕೂಸು

ಬೇಳೆ ಉಕ್ಕಿತು, ಮುಚ್ಚಳದ ಅಂಚಿಗೆಲ್ಲ ಹಳದಿ ನೊರೆ, ಉರಿ ಸಣ್ಣಗೆ ಮಾಡಿ ಓಡಿ ಬಂದರೆ ಪುಟ್ಟಿ ಕೀಬೋರ್ಡಿನ ಮೇಲೆ ಅಂಗೈ ಊರಿ ನಿಂತಿದ್ದಾಳೆ, ಸಾಲಿನ ತುಂಬ ಏಳು ಏಳು ಏಳು, ಇರಲಿ ನನ್ನ ಬಂಗಾರ, ಒಂದೊಂದೇ ಅಳಿಸೋಣ, ನೀನೂ ಕಲಿ — ಎಲ್ಲಿದ್ದೆ ನಾನು, ಹಾಂ, ಹನ್ನೊಂದು. ಹೊಳೆಮಣ್ಣೂರಿನ ಮನೆಗಳಿಗೆ ಹೊಳೆ ಹೊಕ್ಕು ಎಂಟು ದಿನ, ಜನ ಶಾಲೆಯಲ್ಲಿ ಮಲಗುತ್ತಿದ್ದಾರೆ, ವರ್ಷ ತುಂಬದ ಕೂಸಿರುವ ಒಂದೊಂದು ಒಲೆಗೆ ಹಳೇ ಸೀರೆ ಮಡಚಿ ಹೊಲಿದ ಒಂದೊಂದು ಕೌದಿ ಎಂದು ನಾವು ಬೆಳವಣಕಿಯ ಹೆಂಗಸರು ಮಾತು ಕೊಟ್ಟಿದ್ದೇವೆ, ನಾಳೆ ಮುಂಜಾನೆ ಟ್ರ್ಯಾಕ್ಟರಿಗೆ ಹಾಕಬೇಕು, ಎಣಿಕೆ ನನ್ನ ಪಾಲಿಗೆ, ಕಂಪ್ಯೂಟರ್ ಇರುವುದು ನಮ್ಮ ಪಡಸಾಲೆಯಲ್ಲಿ, ಅದೇ ಇವರ ಝೆರಾಕ್ಸ್ ಅಂಗಡಿ. ಹೊಳೆಮಣ್ಣೂರಿನ ಶಾಲೆಯ ಈಶಪ್ಪ ಮಾಸ್ತರರು ಕಳಿಸಿದ ಯಾದಿ, ಮಗುವಿಗೊಂದು ಸಾಲು, ಮನೆ ಯಾರದು, ತಾಯಿ ಯಾರು, ಎಷ್ಟು ತಿಂಗಳು. ವರ್ಷ ತುಂಬದ ಕೂಸುಗಳು ಹದಿನಾಲ್ಕು, ಆದರೆ ಹೂವಪ್ಪನ ಮನೆಯಲ್ಲಿ ಅವಳಿ, ಅವೆರಡಕ್ಕೂ ಒಂದೇ ಕೌದಿ ಸಾಕು, ಹಾಗಾಗಿ ಕೂಸು ಎಣಿಸಬಾರದು, ಮನೆ ಎಣಿಸಬೇಕು — ಇವರೇ ತೋರಿಸಿಕೊಟ್ಟದ್ದು, ಮೊದಲು ವಯಸ್ಸು ಸೋಸು, ಆಮೇಲೆ ಪಕ್ಕದಲ್ಲೊಂದು ಕಾಲಂ, ಮನೆಯ ಹೆಸರು ಮೊದಲ ಸಲ ಬಂದರೆ ಒಂದು, ಮತ್ತೆ ಬಂದರೆ ಸೊನ್ನೆ, ಕಡೆಗೆ ಕೂಡಿಸು, ಜ್ವಾಳಾ ಹಸನ ಮಾಡಿದ್ಹಂಗ ನೋಡ ಅಂದರು. ಹೌದು, ಮೊರದಲ್ಲಿ ಕೇರಿದ ಹಾಗೆ, ಹನ್ನೊಂದು ಉಳಿಯಿತು, ಹನ್ನೊಂದು ಕೌದಿ ಹೊಲಿದೂ ಆಯಿತು.

ಆದರೆ ಕೇರಿದ ಮೇಲೆ ಕೆಳಗೆ ಬಿದ್ದದ್ದನ್ನು ಒಮ್ಮೆ ನೋಡದೆ ಕಸಕ್ಕೆ ಹಾಕುವವಳಲ್ಲ ನಾನು, ಸೊನ್ನೆ ಬಿದ್ದದ್ದು ಮೂರು, ಒಂದು ಅವಳಿಯದು, ಇನ್ನೆರಡು ಕಳಕವ್ವ, ಕಳಕವ್ವ — ಮೇಲೆ ಒಂದು ಬಿದ್ದದ್ದೂ ಕಳಕವ್ವನೇ, ಕೂಸುಗಳಿಗೆ ನಾಲ್ಕು ತಿಂಗಳು, ಐದು ತಿಂಗಳು, ಆರು ತಿಂಗಳು, ತಿಂಗಳಿಗೊಂದು ಹಡೆಯುವ ಮನೆ ಯಾವುದಪ್ಪ ಇದು! ಮಾಸ್ತರರಿಗೆ ಫೋನು, ಅವರು ನಗುತ್ತ ಕಳಕವ್ವಜ್ಜಿಯ ಕೈಗೇ ಫೋನು ಕೊಟ್ಟರು, ಅಜ್ಜಿ ಮೂರೂ ಕೂಸ ನಿಮ್ಮವೇನ್ರಿ ಅಂದೆ, ಎಪ್ಪತ್ತ ದಾಟೇತಿ ನಂಗ, ನಾ ಹಡದಿದ್ರ ಪೇಪರಿನ್ಯಾಗ ಬರ್ತಿತ್ತಲ್ಲ ಹುಚ್ಚಿ, ಸೊಸ್ಯಾರು ಹಡದಾರ, ಮೂರ ಮಂದಿ, ಮೂರ ಒಲಿ. ಮತ್ತ ಮನಿ ಯಾರದು ಅನ್ನೂದಕ್ಕ ನಿಮ್ಮ ಹೆಸರ ಯಾಕ ಬರಿಸ್ಯಾರ್ರಿ? ಗಂಡನ ಹೆಸರ ಅವರ ಬಾಯಾಗ ಬರೂದಿಲ್ಲವ್ವಾ, ಅತ್ತಿ ಹೆಸರ ಸಸ್ತಾ ಐತಿ! ನಕ್ಕೆ, ನನ್ನ ಬಾಯಲ್ಲಾದರೂ ಎಲ್ಲಿ ಬರುತ್ತದೆ, ರೇಷನ್ ಕಾರ್ಡಿನವರು ಕೇಳಿದಾಗ ಪಕ್ಕದ ಮುಮತಾಜ ಚಾಚಿಯಿಂದ ಹೇಳಿಸಿದವಳು ನಾನು — ನಗು ಅಲ್ಲಿಗೇ ನಿಂತಿತು, ಕಣ್ಣ ಮುಂದೆ ಶಾಲೆಯ ತಣ್ಣನೆ ಫರಸಿಕಲ್ಲಿನ ನೆಲ, ಒಂದೇ ಕೌದಿ, ಮೂರು ಕೂಸು, ತುದಿಯ ಕೂಸಿನ ಅಂಗಾಲು ಹೊರಗೆ.

ಪ್ರತಿ ಸಾಲಿನಲ್ಲೂ ಮನೆಯ ಹೆಸರಿಗೆ ತಾಯಿಯ ಹೆಸರು ಅಂಟಿಸಿ ಎರಡೂ ಸೇರಿ ಒಂದೇ ಹೆಸರು ಮಾಡಿದೆ, ಮತ್ತೆ ಒಂದು, ಸೊನ್ನೆ, ಕೂಡಿಸಿದರೆ ಹದಿಮೂರು, ಅವಳಿ ಇನ್ನೂ ಒಂದೇ, ಕಳಕವ್ವ ಮೂರು, ಸರಿ, ಬೆರಳಲ್ಲೂ ಎಣಿಸಿದೆ, ಸರಿ. ಪುಟ್ಟಿಯನ್ನು ಕಂಕುಳಿಗೆ ಏರಿಸಿ ಚಾಚಿಯ ಕಟ್ಟೆಗೆ ಬಂದರೆ ಆಗಲೇ ಸೂಜಿ ದಾರ ಡಬ್ಬಿಗೆ ತುಂಬುತ್ತಿದ್ದಾರೆ, ಚಾಚಿ, ಇನ್ನೂ ಎರಡ ಬೇಕ್ರಿ. ಯಾಕ ಶ್ವೇತಾ, ನಿನ್ನೆ ಹನ್ನೊಂದ, ಇವತ್ತ ಹದಿಮೂರ, ನಿನ್ನ ಗಂಡ ಮುತ್ತಣ್ಣನ ಕಂಪ್ಯೂಟರು ಮರಿ ಹಾಕತೈತೇನ? ಕಂಪ್ಯೂಟರು ಕೇಳಿದಷ್ಟ ಹೇಳತೈತ್ರಿ, ನಾನ ಕೇಳೂದ ತಪ್ಪಿದ್ದೆ. ಬೆರಳೆಲ್ಲ ತೂತ ಬಿದ್ದಾವ, ನೋಡಿಲ್ಲಿ — ಬೈಯುತ್ತಲೇ ಟ್ರಂಕು ತೆರೆದು ಹಸಿರು ಸೀರೆಯೊಂದನ್ನು ಕೊಡವಿ ಹಾಸಿದರು, ನಾನು ಒಂದು ಅಂಚು ಹಿಡಿದೆ, ಕತ್ತರಿ, ಎಲ್ಲಿಗೆ ಕತ್ತರಿಸಲಿ ಚಾಚಿ, ಗೇಣ ಹೆಚ್ಚ ಬಿಡ, ಬೆಳಿಯೂ ಕೂಸ, ಗೇಣು ಬಿಟ್ಟೆ, ಇನ್ನೊಂದು ಬಿಡಲೇ, ಬಿಟ್ಟೆ, ಸಾಕ ಬಿಡ ಅದೇನ ಪೈಲವಾನನೇನ, ನಗುತ್ತಿದ್ದಾರೆ, ನಾನೂ ನಗುತ್ತಿದ್ದೇನೆ, ಆದರೂ ಕತ್ತರಿ ಮುಚ್ಚುವುದಿಲ್ಲ, ತುದಿಯ ಕೂಸು, ಆ ಅಂಗಾಲು, ಹೊರಗೆ, ಸಣ್ಣದು, ಅಂಗಾಲು ಮುಚ್ಚಬೇಕಲ್ಲ.